ಟೆಂಟ್ ಹಾಕುವ ಮೊದಲು ಉಮ್ಮನನ್ನು ಕೇಳಿ

ಕೆನಡಾದ ಒಂಟಾರಿಯೊದಲ್ಲಿರುವ ನಮ್ಮವರಿಗೆ ಬೇಸಿಗೆ ಅಂದರೆ ಜುಲೈ, ಆಗಸ್ಟ್ ಎರಡೇ ತಿಂಗಳು. ಮಕ್ಕಳಿಗೆ ಶಾಲೆ ಇಲ್ಲ, ಮಂಜೇಶ್ವರದಿಂದಲೋ ಉಪ್ಪಳದಿಂದಲೋ ಉಮ್ಮ ವಿಸಿಟ್ ವೀಸಾದಲ್ಲಿ ಬಂದಿರುತ್ತಾರೆ, ಆಗ ವಾಟ್ಸಾಪ್ ಗ್ರೂಪಿನಲ್ಲಿ ಆ ಪ್ರಶ್ನೆ ಬಂದೇ ಬರುತ್ತದೆ: ಗ್ರ್ಯಾಂಡ್ ಬೆಂಡ್ ಬೀಚಿನ ಹತ್ತಿರ ಎರಡು ರಾತ್ರಿ ಟೆಂಟ್ ಹಾಕಲು ಒಳ್ಳೆಯ ಜಾಗ ಯಾವುದು? ಉತ್ತರಗಳೆಲ್ಲ ಒಂದೇ ತರ. ಬೀಚಿಗೆ ಎಷ್ಟು ಹತ್ತಿರ, ರಾತ್ರಿಗೆ ಎಷ್ಟು ಡಾಲರ್, ಮಕ್ಕಳಿಗೆ ಆಡಲು ಏನಿದೆ. ಉಮ್ಮ ಎಲ್ಲಿ ಮಲಗುತ್ತಾರೆ, ರಾತ್ರಿ ಎರಡು ಗಂಟೆಗೆ ಶೌಚಕ್ಕೆ ಎಷ್ಟು ದೂರ ನಡೆಯಬೇಕು, ವುಳೂ ಮಾಡಲು ನಲ್ಲಿ ಎಲ್ಲಿದೆ ಎಂದು ಬರೆದವರನ್ನು ನಾನು ಇನ್ನೂ ನೋಡಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗ್ರ್ಯಾಂಡ್ ಬೆಂಡ್ ಇರುವುದು ಹ್ಯೂರಾನ್ ಸರೋವರದ ದಡದಲ್ಲಿ. ನಾವಿರುವ ಮಿಸ್ಸಿಸಾಗದಿಂದ ಕಾರಿನಲ್ಲಿ ಎರಡೂವರೆ ಗಂಟೆ ಹಿಡಿಯುತ್ತದೆ. ಸರೋವರ ಅಂದ ಕೂಡಲೇ ನಮ್ಮ ಊರಿನ ಕೆರೆಯನ್ನು ನೆನೆಯಬೇಡಿ. ಹ್ಯೂರಾನಿನ ವಿಸ್ತೀರ್ಣ ಸುಮಾರು 59,600 ಚದರ ಕಿಲೋಮೀಟರ್, ಅಂದರೆ ಕಾಸರಗೋಡು ಜಿಲ್ಲೆಯಂಥ 30 ಜಿಲ್ಲೆ ಅದರೊಳಗೆ ಹಿಡಿಯುತ್ತವೆ. ಆಚೆ ದಡ ಕಾಣುವುದಿಲ್ಲ. ಮರಳು ಇದೆ, ಅಲೆ ಇದೆ, ಸೂರ್ಯ ನಮ್ಮ ಕಣ್ವತೀರ್ಥದ ಹಾಗೆಯೇ ನೀರಿನೊಳಗೆ ಮುಳುಗುತ್ತಾನೆ. ಉಪ್ಪು ಮಾತ್ರ ಇಲ್ಲ.

ಪೇಟೆಯ ಬದಿಯ ಮುಖ್ಯ ಬೀಚ್ ಯುವಕರದ್ದು. ಬಾರು, ಸಂಗೀತ, ಬಿಕಿನಿ, ಐಸ್‌ಕ್ರೀಮ್ ಅಂಗಡಿ. ಅವರ ಊರು, ಅವರ ಬೇಸಿಗೆ, ನನ್ನ ತಕರಾರು ಏನೂ ಇಲ್ಲ. ಜೀವರಕ್ಷಕರು ಇರುವುದೂ ಅಲ್ಲಿಯೇ, ಆದ್ದರಿಂದ ಈಜು ಬಾರದ ಮಕ್ಕಳಿಗೆ ಅದೇ ಮೇಲು ಎಂದರೆ ನಾನು ಒಪ್ಪುತ್ತೇನೆ. ಆದರೆ ಅಲ್ಲಿ ನಮ್ಮ ಕುಟುಂಬಗಳನ್ನು ನೋಡಿ. ಗಂಡಸರು ನೀರಿನಲ್ಲಿ, ಮಕ್ಕಳು ನೀರಿನಲ್ಲಿ. ಹಿಂದೆ ಬೆಂಚಿನ ಮೇಲೆ ಬುರ್ಖಾ ಹಾಕಿದ ಒಬ್ಬರು ಹೆಂಗಸು ಎಲ್ಲರ ಚಪ್ಪಲಿ, ಮೊಬೈಲು, ಟವೆಲು ಕಾಯುತ್ತಾ ಕೂತಿರುತ್ತಾರೆ. ಉಮ್ಮ ಮೊದಲ ಸಲ ಬಂದಾಗ ಹೇಳಿದ್ದೂ ಅದೇ ಮಾತು: "ನೀವು ಹೋಗಿ, ನಾನು ಇಲ್ಲೇ ಕೂತಿರ್ತೇನೆ." ಕಡಲಿನಿಂದ ಅರ್ಧ ಮೈಲಿ ದೂರದ ಮನೆಯಲ್ಲಿ 60 ವರ್ಷ ಬದುಕಿದ ನನ್ನ ಉಮ್ಮ ಕಡಲಿಗೆ ಇಳಿದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ನೋಡುವ ಕಣ್ಣುಗಳು ಅಲ್ಲಿಯೂ ಇದ್ದವು. ಅಲ್ಲಿ ಗುರುತಿನವರ ಕಣ್ಣು, ಇಲ್ಲಿ ಗುರುತಿಲ್ಲದವರದ್ದು, ವ್ಯತ್ಯಾಸ ಅಷ್ಟೇ.

ಎರಡನೇ ಸಲ ಉಮ್ಮ ಬರುವುದು ನಿಕ್ಕಿಯಾದಾಗ ನಾನೂ ಗಂಡನೂ ಕ್ಯಾಂಪಿನ ವಿಚಾರದಲ್ಲಿ ಒಂದು ವಾರ ಚರ್ಚೆ ಮಾಡಿದೆವು. ಪೇಟೆಗೆ ಅಂಟಿಕೊಂಡಂತಿರುವ ಖಾಸಗಿ ಕ್ಯಾಂಪ್‌ಗ್ರೌಂಡುಗಳಲ್ಲಿ ಒಂದನ್ನು ಹಿಂದೆ ನೋಡಿದ್ದೆವು. ಟ್ರೇಲರುಗಳು ಸಾಲಾಗಿ, ಒಂದರ ಮೈಗೆ ಇನ್ನೊಂದು ತಾಗುವಷ್ಟು ಹತ್ತಿರ. ಪಕ್ಕದವರ ಬಿಯರ್ ಕ್ಯಾನ್ ತೆರೆಯುವ ಸದ್ದು ನಮ್ಮ ಮುಸಲ್ಲಾದ ಮೇಲೆ ಕೇಳುತ್ತಿತ್ತು. ಮಕ್ಕಳಿಗೆ ಈಜುಕೊಳ, ಆಟದ ಜಾಗ ಎಲ್ಲ ಇತ್ತು ಎನ್ನುವುದೂ ನಿಜವೇ. ಉಮ್ಮನಿಗೆ ಏನೂ ಇರಲಿಲ್ಲ.

ಹಾಗಾಗಿ ಗ್ರ್ಯಾಂಡ್ ಬೆಂಡಿನಿಂದ ಸುಮಾರು 8 ಕಿಲೋಮೀಟರ್ ತೆಂಕಕ್ಕಿರುವ ಪೈನರಿ ಪ್ರಾಂತೀಯ ಉದ್ಯಾನಕ್ಕೆ ಬಂದೆವು. 1957ರಲ್ಲಿ ಶುರುವಾದದ್ದು, 10 ಕಿಲೋಮೀಟರ್ ಉದ್ದದ ಬೀಚ್, ಹಿಂದೆ ಮರಳ ದಿಬ್ಬಗಳು, ಅದರ ಹಿಂದೆ ಓಕ್ ಮತ್ತು ಪೈನ್ ಕಾಡು. ಒಳಗೆ ಮೂರು ಕ್ಯಾಂಪ್‌ಗ್ರೌಂಡ್ ಇವೆ: ಡ್ಯೂನ್ಸ್, ಬರ್ಲಿ, ರಿವರ್‌ಸೈಡ್. ಗಂಡನಿಗೆ ಡ್ಯೂನ್ಸ್ ಬೇಕಿತ್ತು, ಅಲ್ಲಿಂದ ದಿಬ್ಬ ದಾಟಿದರೆ ನೀರು. ಬರ್ಲಿಯಲ್ಲಿ ಕರೆಂಟ್ ಇಲ್ಲ, ಅದನ್ನು ಅಲ್ಲಿಗೇ ಬಿಟ್ಟೆವು. ನಾನು ಹಿಡಿದದ್ದು ರಿವರ್‌ಸೈಡ್. ಅದು ಬೀಚಿನಿಂದ ದೂರ, ಹಳೆಯ ಒಸೇಬಲ್ ಹೊಳೆಯ ಕಾಲುವೆಯ ಬದಿಯಲ್ಲಿದೆ. ಬೀಚಿಗೆ ಕಾರು ಹತ್ತಬೇಕು. ಆದರೆ ಯರ್ಟ್ ಇರುವುದು ಅಲ್ಲಿ. ಯರ್ಟ್ ಅಂದರೆ ದುಂಡಗಿನ, ದಪ್ಪ ಬಟ್ಟೆಯ ಗುಡಾರದಂಥ ಮನೆ. ಮರದ ನೆಲ, ಬಾಗಿಲು, ಆರು ಜನರಿಗೆ ಮಂಚ, ಕರೆಂಟ್. ಮಂಡಿನೋವಿರುವವರಿಗೆ ಟೆಂಟಿನೊಳಗೆ ಬಗ್ಗಿ ನುಗ್ಗುವುದು, ನೆಲದಿಂದ ಏಳುವುದು ಎಷ್ಟು ಕಷ್ಟ ಎಂದು ಹೇಳಬೇಕಾಗಿಲ್ಲ. ನೆಟ್ಟಗೆ ನಿಂತು ನಮಾಝ್ ಮಾಡುವಷ್ಟು ಎತ್ತರ, ಬಾಗಿಲು ಹಾಕಿಕೊಂಡು ತಲೆ ಬಾಚುವಷ್ಟು ಮರೆ. ಅಡುಗೆ ಮಾತ್ರ ಹೊರಗೆ ಮಾಡಬೇಕು.

ನನ್ನ ಮಾತು ನಡೆಯಿತು. ಬೀಚ್ ಮಕ್ಕಳಿಗೆ ದಿನಕ್ಕೆ ನಾಲ್ಕು ಗಂಟೆ, ಕ್ಯಾಂಪ್ ಉಮ್ಮನಿಗೆ ಉಳಿದ ಇಪ್ಪತ್ತು ಗಂಟೆ ಎಂದು ನಾನು ಲೆಕ್ಕ ಒಪ್ಪಿಸಿದ್ದೆ.

ನಮ್ಮವರಿಗೆ ಬೇಕಾಗುವ ಕೆಲವು ವಿಷಯ. ಜುಲೈ ಮೊದಲ ವಾರ ಅಲ್ಲಿ ಮಗ್ರಿಬ್ ಆಗುವಾಗ ರಾತ್ರಿ 9 ಗಂಟೆ ಕಳೆದಿರುತ್ತದೆ, ಇಶಾ ಇನ್ನೂ ಎಷ್ಟೋ ತಡ, ಸುಬಹ್ ಬೇಗನೇ ಬಂದುಬಿಡುತ್ತದೆ. ಅಂದರೆ ರಾತ್ರಿ ಕತ್ತಲಲ್ಲಿ ನಲ್ಲಿಗೆ ಎರಡು ಮೂರು ಸಲ ಹೋಗಿ ಬರುವುದು ಇದ್ದೇ ಇದೆ. ಬುಕ್ ಮಾಡುವಾಗ ನಕ್ಷೆಯಲ್ಲಿ ಶೌಚಾಲಯ, ನಲ್ಲಿಯ ಗುರುತು ನೋಡಿಯೇ ಸೈಟ್ ಆರಿಸಿ. ತೀರಾ ಎದುರಿಗೇ ಬೇಡ, ರಾತ್ರಿಯಿಡೀ ಜನ ಓಡಾಡುತ್ತಾರೆ. ಪ್ಲಾಸ್ಟಿಕ್ ಕಿಂಡಿಯೋ ಮಗ್ಗೋ ಮರೆಯಬೇಡಿ, ಕಾರಣ ಬಿಡಿಸಿ ಹೇಳಬೇಕಾಗಿಲ್ಲವಲ್ಲ. ಬೆಂಕಿಗುಂಡಿಯ ಮೇಲಿನ ಕಬ್ಬಿಣದ ಜಾಲರಿಯಲ್ಲಿ ಹಿಂದಿನವರು ಏನು ಸುಟ್ಟಿದ್ದರೋ ಯಾರಿಗೆ ಗೊತ್ತು, ನಾವು ನಮ್ಮದೇ ಜಾಲರಿ ಒಯ್ಯುತ್ತೇವೆ. ಸೌದೆ ಮಾತ್ರ ಮನೆಯಿಂದ ಒಯ್ಯಬೇಡಿ, ಮರ ಕೊರೆಯುವ ಹುಳ ಅದರ ಜೊತೆ ಕಾಡಿಗೆ ಹೋಗುತ್ತದೆ. ಅಲ್ಲಿಯೇ ಕೊಳ್ಳಿ. ಮಸಾಲೆ ಹಚ್ಚಿಟ್ಟ ಕೋಳಿ ರಾತ್ರಿ ಕಾರಿನೊಳಗೇ ಇರಲಿ. ರಕೂನ್ ಎಂಬ ಪ್ರಾಣಿ ಐಸ್ ಪೆಟ್ಟಿಗೆಯ ಮುಚ್ಚಳವನ್ನು ನಮಗಿಂತ ಚೆನ್ನಾಗಿ ತೆಗೆಯುತ್ತದೆ ಮಾರಾಯ್ರೆ. ಕಾಲುದಾರಿ ಬಿಟ್ಟು ಹುಲ್ಲಿಗೆ ಇಳಿದರೆ ಮೈ ತುರಿಸುವ ಪಾಯ್ಸನ್ ಐವಿ ಇದೆ, ಉಣ್ಣೆಗಳೂ ಇವೆ. ಸಂಜೆ ಮಕ್ಕಳ ಕಾಲು, ಕುತ್ತಿಗೆ ನೋಡಿ. ಪೈನರಿ ಬೀಚಿನಲ್ಲಿ ಜೀವರಕ್ಷಕರಿಲ್ಲ. ಸರೋವರ ಎಂದು ಸಸಾರ ಮಾಡಬೇಡಿ, ಗಾಳಿ ಬೀಸುವ ದಿನ ಎಳೆದೊಯ್ಯುವ ಸೆಳೆತ ಇಲ್ಲಿಯೂ ಇದೆ.

ಕಿಬ್ಲಾದ ವಿಷಯ ಉಮ್ಮನಿಗೆ ವಿಚಿತ್ರ ಅನ್ನಿಸಿತು. ಊರಿನಲ್ಲಿ ಕಡಲ ಬದಿ ನಮಾಝಿಗೆ ನಿಂತರೆ ಮುಖ ಕಡಲಿಗೆ. ಇಲ್ಲಿ ಕಿಬ್ಲಾ ಈಶಾನ್ಯಕ್ಕೆ. "ದಿಕ್ಕೆಲ್ಲ ಅಡಿಮೇಲು," ಎಂದು ಮೊಬೈಲಿನ ದಿಕ್ಸೂಚಿಯನ್ನು ಎರಡು ಸಲ ತಿರುಗಿಸಿ ನೋಡಿದರು.

ಎರಡನೇ ದಿನ ಸುಬಹ್ ಆದ ಮೇಲೆ ಯಾರೂ ಮತ್ತೆ ಮಲಗಲಿಲ್ಲ. ಫ್ಲಾಸ್ಕಿನಲ್ಲಿ ಸುಲೈಮಾನಿ ತುಂಬಿಸಿಕೊಂಡು ಆರು ಗಂಟೆಗೆ ಬೀಚಿಗೆ ಹೋದೆವು. ದಿನದ ಮಟ್ಟಿಗೆ ಬರುವವರ ಕಾರುಗಳು ಇನ್ನೂ ಬಂದಿರಲಿಲ್ಲ. ಕಣ್ಣು ಹಾಯಿಸಿದಷ್ಟು ದೂರ ಒಬ್ಬರೂ ಇಲ್ಲ. ಉಮ್ಮ ಚಪ್ಪಲಿ ಬಿಚ್ಚಿ ನನ್ನ ಕೈಗೆ ಕೊಟ್ಟರು. ಮ್ಯಾಕ್ಸಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಪಾದದ ತನಕ, ಆಮೇಲೆ ಮಂಡಿ ತನಕ ಇಳಿದರು. ತಣ್ಣಗಿದೆ ಎಂದು ಕೂಗಿದರು, ಹಿಂದೆ ಬರಲಿಲ್ಲ. ಬೊಗಸೆಯಲ್ಲಿ ನೀರೆತ್ತಿ ಬಾಯಿಗಿಟ್ಟು ನೋಡಿ ನಕ್ಕರು. ಮ್ಯಾಕ್ಸಿಯ ಅಂಚು ಕೈಯಿಂದ ಜಾರಿದ್ದು ಆಗ. ಮತ್ತೆ ಎತ್ತುವ ಗೋಜಿಗೆ ಹೋಗಲಿಲ್ಲ, ಸೊಂಟದವರೆಗೆ ಹೋಗಿ ನಿಂತರು. ಮಕ್ಕಳು ಫೋಟೋ ತೆಗೆಯಲು ಹೊರಟಾಗ ನಾನು ಬೇಡ ಎಂದೆ.

ಪೈನರಿ ಬೇಕಾದರೆ ಬೇಗ ಎಚ್ಚರಾಗಬೇಕು. ಬುಕಿಂಗ್ ತೆರೆಯುವುದು ಐದು ತಿಂಗಳ ಮೊದಲು, ಬೆಳಿಗ್ಗೆ 7 ಗಂಟೆಗೆ. ಜುಲೈ 10ಕ್ಕೆ ಬೇಕಿದ್ದರೆ ಫೆಬ್ರವರಿ 10ಕ್ಕೆ, ಹೊರಗೆ ಹಿಮ ಬೀಳುತ್ತಿರುವಾಗಲೇ ಕಂಪ್ಯೂಟರಿನ ಮುಂದೆ ಕೂರಬೇಕು. ಎಷ್ಟೋ ಸಲ ಅಷ್ಟು ಹೊತ್ತಿಗೆ ಉಮ್ಮಂದಿರ ವೀಸಾವೇ ಬಂದಿರುವುದಿಲ್ಲ. ನಾವು ವೀಸಾಕ್ಕೆ ಕಾಯುವುದಿಲ್ಲ, ಬುಕ್ ಮಾಡಿಡುತ್ತೇವೆ. ರದ್ದು ಮಾಡಿದರೆ ಸ್ವಲ್ಪ ಹಣ ಹೋಗುತ್ತದೆ ಅಷ್ಟೇ.

ಬರುವ ಬೇಸಿಗೆಗೆ ಗಂಡನ ಉಮ್ಮ ಬರುವವರಿದ್ದಾರೆ, ಕುಂಬಳೆಯಿಂದ. ಜೊತೆಗೆ ಬ್ರಾಂಪ್ಟನ್ನಿನ ಎರಡು ಮನೆಯವರೂ ಸೇರುತ್ತೇವೆ ಎಂದಿದ್ದಾರೆ. ಮೊದಲು ಯರ್ಟ್ ಸಿಗಲಿ. ಟೆಂಟಿನವರಿಗೆ ಅದರ ಆಚೀಚೆ ಎಲ್ಲಿ ಸಿಕ್ಕಿದರೂ ಆಯಿತು.