ಓಡುವ ದರ, ನಿಲ್ಲದ ಕೈ

ಬೆಳಗ್ಗೆ 9.15 ಆಯಿತೆಂದರೆ ಚಿಕ್ಕೇರೂರಿನಂಥ ಹಳ್ಳಿಯ ಮೊಬೈಲಿನಲ್ಲೂ ಮುಂಬೈ ಶೇರುಪೇಟೆಯ ದರ ಕೆಂಪು-ಹಸಿರಾಗಿ ಓಡತೊಡಗುತ್ತದೆ. ಒಂದು ಕಾಲಕ್ಕೆ ದಲ್ಲಾಳಿಗಳಿಗಷ್ಟೇ ಸಿಗುತ್ತಿದ್ದ ಮಾಹಿತಿ ಎಲ್ಲರಿಗೂ ಸಿಕ್ಕಿದ್ದು ನಿಜಕ್ಕೂ ಒಳ್ಳೆಯದೇ. ಆದರೆ ದರ ಬೇಗ ಕಂಡರೆ ಲಾಭವೂ ಬೇಗ ಬಂದೀತು ಅನ್ನುವ ನಂಬಿಕೆ ಇದೆಯಲ್ಲ, ಅದು ಅಪಾಯದ್ದು. ಶೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ: 2022-23ರಲ್ಲಿ ಅಂದೇ ಕೊಂಡು ಅಂದೇ ಮಾರಿದ ಹತ್ತು ಜನರಲ್ಲಿ ಏಳು ಮಂದಿಗೆ ನಷ್ಟ. ವರ್ಷಕ್ಕೆ 500ಕ್ಕೂ ಹೆಚ್ಚು ವಹಿವಾಟು ಮಾಡಿದವರಲ್ಲಂತೂ ಶೇ. 80ರಷ್ಟು ಮಂದಿ ಕಳೆದುಕೊಂಡವರೇ.

ದರ ನೋಡದೆ ಹೂಡುವುದು ಹೇಗೆ ಅಂತ ಕೇಳಬಹುದು. ಕೊಳ್ಳುವ, ಮಾರುವ ದಿನ ನೋಡಲೇಬೇಕು. ಉಳಿದ ದಿನ ಕಂಪನಿಯ ಮೂರು ತಿಂಗಳ ಲೆಕ್ಕ, ಅದರ ಸಾಲದ ಹೊರೆ ಓದಿದರೆ ಹೆಚ್ಚು ತಿಳಿಯುತ್ತದೆ. ಹೊಲದ ದುಡ್ಡು ಹಾಕುವ ನಮ್ಮ ಹುಡುಗರಿಗೆ ಇದನ್ನು ಹೇಳಿ. ನೀವೇನಂತೀರಿ?