ಕುದುರೆಯ ತಾಯಿಪತ್ರ

ಕಾನೂನು ಓದಿದವರೆಲ್ಲರೂ ಒಂದು ಕುದುರೆಯನ್ನು ಬಲ್ಲರು. 1872ರ ಭಾರತೀಯ ಕರಾರು ಕಾಯ್ದೆಯ 17ನೆಯ ಕಲಂ ವಂಚನೆ ಎಂದರೇನೆಂಬುದನ್ನು ವಿವರಿಸುತ್ತದೆ. ಅದರ ಕೆಳಗಿನ ದೃಷ್ಟಾಂತಗಳಲ್ಲಿ ಆ ಕುದುರೆ ನಿಂತಿದೆ. ಮಾರುವವನಿಗೆ ಅದರ ದೋಷ ಗೊತ್ತು. ಆದರೂ ಅವನು ಏನನ್ನೂ ಹೇಳದೆ ಹರಾಜಿನಲ್ಲಿ ಅದನ್ನು ಮಾರುತ್ತಾನೆ. ಇದು ವಂಚನೆಯಲ್ಲ ಎನ್ನುತ್ತದೆ ಕಾಯ್ದೆ. ಕೊಳ್ಳುವವಳು ಆಗತಾನೆ ಪ್ರಾಪ್ತವಯಸ್ಕಳಾದ ಅವನ ಮಗಳಾಗಿದ್ದರೆ ಮಾತ್ರ ದೋಷವನ್ನು ತಿಳಿಸುವ ಹೊಣೆ ಅವನ ಮೇಲೆ ಬೀಳುತ್ತದೆ. ಇನ್ನೊಂದು ಸಂದರ್ಭವೂ ಉಂಟು. ನೀವು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ನಂಬುವೆನೆಂದು ಕೊಳ್ಳುವವನು ಬಾಯಿಬಿಟ್ಟು ಹೇಳಿದಾಗ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮನಾಗುತ್ತದೆ.

ಕೇಳುವವನಿಗೂ ಕೇಳದವನಿಗೂ ಇರುವ ಅಂತರ ಇದು. ಅಷ್ಟೇ ಅಲ್ಲ, 19ನೆಯ ಕಲಂ ಇನ್ನೊಂದು ಎಚ್ಚರಿಕೆಯನ್ನು ಕೊಡುತ್ತದೆ: ಮಾರುವವನ ಮೌನದಿಂದ ನೀವು ಮೋಸಹೋಗಿದ್ದರೂ, ಸಾಧಾರಣ ಜಾಗರೂಕತೆಯಿಂದ ಸತ್ಯವನ್ನು ತಿಳಿಯುವ ದಾರಿ ನಿಮಗಿದ್ದಿದ್ದರೆ ಕರಾರನ್ನು ರದ್ದುಪಡಿಸುವಂತಿಲ್ಲ. ನಾಲ್ಕು ಹೆಜ್ಜೆ ನಡೆದು ನೋಡಬಹುದಾಗಿದ್ದುದನ್ನು ನೋಡದೆ ಬಂದವನ ಕೈಯನ್ನು ನ್ಯಾಯಾಲಯ ಹಿಡಿಯುವುದು ಕಷ್ಟ.

ಈ ಎರಡು ಕಲಂಗಳ ಅರ್ಥ ನನಗೆ ಪೂರ್ಣವಾಗಿ ಮನದಟ್ಟಾದದ್ದು ಅಂದಿಯೂರಿನಲ್ಲಿ. ನಮ್ಮ ಈರೋಡು ಜಿಲ್ಲೆಯ ಆ ಊರಿನಲ್ಲಿ ತಮಿಳರ ಆಡಿ ತಿಂಗಳಿನಲ್ಲಿ ಗುರುನಾಥಸ್ವಾಮಿ ಜಾತ್ರೆ ನಡೆಯುತ್ತದೆ. ದನಗಳ ಜೊತೆಗೆ ದೂರದೂರದ ಕುದುರೆಗಳೂ ಅಲ್ಲಿ ಸೇರುತ್ತವೆ. ತಾಳವಾಡಿಯಲ್ಲಿರುವ ನನ್ನ ಭಾವಮೈದುನ ಮದುವೆ ಮತ್ತು ದೇವರ ಮೆರವಣಿಗೆಗಳಿಗೆ ಕುದುರೆ ಕೊಟ್ಟು ಬದುಕುವವನು. ಮರಿಹಾಕಿಸಲು ಒಂದು ಒಳ್ಳೆಯ ಹೆಣ್ಣು ಬೇಕೆಂದು ಅರಿಶಿನದ ಬೆಳೆಯಿಂದ ಉಳಿಸಿದ 1,20,000 ರೂಪಾಯಿಯನ್ನು ಕಟ್ಟಿಕೊಂಡು ಹೊರಟ. ಮರುವರ್ಷ ಅವನ ಮಗಳು ಹತ್ತನೆಯ ತರಗತಿ ಮುಗಿಸುವವಳಿದ್ದಳು. ಈ ಹಣ ಹೋದರೆ ಅವಳ ಮುಂದಿನ ಓದಿಗೆ ಬೇರೆ ಹಣವಿರಲಿಲ್ಲ. ಕಾಗದ ಬರೆದುಕೊಡಲೆಂದು ನನ್ನನ್ನೂ ಕರೆದ. ದಿಂಬಂ ಘಟ್ಟ ಇಳಿದು ಹೋದೆವು.

ಮೊದಲ ಸಾಲಿನಲ್ಲೇ ಎರಡು ವರ್ಷದ ಬಿಳಿಯ ಹೆಣ್ಣು ಮರಿಯೊಂದು ಅವನ ಮನಸ್ಸನ್ನು ಸೆಳೆಯಿತು. ಮೈ ಮಿರಿಮಿರಿ ಮಿಂಚುತ್ತಿತ್ತು, ಕಾಲುಗಳಿಗೆ ಬಣ್ಣದ ಪಟ್ಟಿ ಸುತ್ತಿದ್ದರು. "ಭಾವ, ಇದೇ ಆಗಲಿ" ಎಂದ. ಹಲ್ಲು ನೋಡಿದ್ದಾಯಿತು, ಸುಳಿ ನೋಡಿದ್ದಾಯಿತು. ಪಕ್ಕದಲ್ಲಿ ಬರಗೂರು ಬೆಟ್ಟದಿಂದ ದನ ತಂದಿದ್ದ ಹಿರಿಯರೊಬ್ಬರು ನಮ್ಮ ಕನ್ನಡ ಕೇಳಿ ಹತ್ತಿರ ಬಂದರು. ಬೆಟ್ಟದ ಲಿಂಗಾಯತರು ಬರಗೂರು ತಳಿಯ ಕೆಂಪು ದನಗಳನ್ನು ತಲೆಮಾರುಗಳಿಂದ ಸಾಕಿಕೊಂಡು ಬಂದವರು, ಕನ್ನಡವನ್ನೂ ಹಾಗೆಯೇ ಉಳಿಸಿಕೊಂಡವರು. "ಕರು ಕೊಳ್ಳೋಕೆ ಮುಂಚೆ ನಾವು ಹಸು ನೋಡ್ತೀವಿ ಕಣಪ್ಪ. ಕುದುರೆಗೇನು ಬೇರೆ ಶಾಸ್ತ್ರವಾ? ಇದರ ತಾಯಿ ಎಲ್ಲಿ ಅಂತ ಕೇಳು" ಎಂದರು.

ಕೇಳಿದೆವು. ವ್ಯಾಪಾರಿ ಮೊದಲು ಮಾತು ಹಾರಿಸಿದ. ಎರಡನೆಯ ಸಲ ಕೇಳಿದಾಗ ಹಿಂದಿನ ಸಾಲಿನ ಹುಣಸೆಮರದ ಕಡೆ ಕೈ ತೋರಿಸಿದ. ತಾಯಿ ಕುದುರೆಯ ಮುಂಗಾಲಿನ ಗೊರಸುಗಳು ಹೊರಕ್ಕೆ ತಿರುಗಿದ್ದವು. ನಡೆಸಿದಾಗ ಒಂದು ಕಾಲು ಇನ್ನೊಂದಕ್ಕೆ ತಗಲುತ್ತಿತ್ತು. ಒಳಬದಿಯಲ್ಲಿ ಹಳೆಯ ಗಾಯಗಳ ಗುರುತುಗಳಿದ್ದವು. ಹತ್ತಿರ ಹೋದವರ ಮೇಲೆ ಕಿವಿ ಹಿಂದಕ್ಕೆ ಮಡಿಸಿ ಹಲ್ಲು ತೋರಿಸಿತು. ಹಿಂದಿರುಗಿ ಬಂದು ಮರಿಯ ಕಾಲಿನ ಪಟ್ಟಿ ಬಿಚ್ಚಿಸಿದೆವು. ಅದೇ ತಿರುವು, ಇನ್ನೂ ಎಳೆಯದಾಗಿ, ಅಲ್ಲಿತ್ತು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆ ಕಣ್ಣಮುಂದೆ ನಿಂತಂತಾಯಿತು.

ಮರಿಗೆ ಅರ್ಧ ಪಾಲು ತಾಯಿಯದು, ಅರ್ಧ ಪಾಲು ತಂದೆಯದು. ಆದರೆ ತಾಯಿಯ ಬಸಿರಿನಲ್ಲಿ ಅದು ಸುಮಾರು ಹನ್ನೊಂದು ತಿಂಗಳು ಇರುತ್ತದೆ. ಹುಟ್ಟಿದ ಮೇಲೂ ತಿಂಗಳುಗಟ್ಟಲೆ ಅವಳ ಬೆನ್ನಹಿಂದೆಯೇ ಓಡಾಡುತ್ತದೆ. ಮನುಷ್ಯನನ್ನು ಕಂಡರೆ ಬೆದರಬೇಕೇ, ಹತ್ತಿರ ಬರಬೇಕೇ ಎಂಬುದನ್ನು ಬಹುಮಟ್ಟಿಗೆ ಅವಳನ್ನು ನೋಡಿಯೇ ಕಲಿಯುತ್ತದೆ. ತಂದೆ ಸಂತೆಗೆ ಬಂದಿರುವುದು ಅಪರೂಪ. ಅವನನ್ನು ನೋಡಲಾಗದಿದ್ದರೆ ಅವನಿಗೆ ಹುಟ್ಟಿದ ಬೇರೆ ಮರಿಗಳನ್ನು ನೋಡಬೇಕು.

ಕಣ್ಣಿಗೆ ಕಾಣದ ದೋಷಗಳೂ ಉಂಟು. ಅರಬ್ಬೀ ತಳಿಯಲ್ಲಿ ರೋಗನಿರೋಧಕ ಶಕ್ತಿಯೇ ಇಲ್ಲದೆ ಮರಿ ಹುಟ್ಟುವ ಆನುವಂಶಿಕ ಕಾಯಿಲೆಯೊಂದಿದೆ. ಹುಟ್ಟಿದಾಗ ಮರಿ ಚೆನ್ನಾಗಿಯೇ ಕಾಣುತ್ತದೆ. ಆರು ತಿಂಗಳು ತುಂಬುವುದರೊಳಗೆ ಸೋಂಕಿನಿಂದ ಸಾಯುತ್ತದೆ. ತಾಯಿ ತಂದೆ ಎರಡೂ ಆ ದೋಷವನ್ನು ಹೊತ್ತಿದ್ದರೆ ಮಾತ್ರ ಹೀಗಾಗುತ್ತದೆ. ಆಗ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಹೊತ್ತ ಕುದುರೆಗಳೆರಡೂ ಗಟ್ಟಿಮುಟ್ಟಾಗಿರುತ್ತವೆ. ಆದ್ದರಿಂದ ಮರಿಹಾಕಿಸುವವರು ಈ ಜೋಡಿಗೆ ಹಿಂದೆ ಹುಟ್ಟಿದ ಮರಿಗಳೇನಾದವು ಎಂದು ಕೇಳಬೇಕು. ಸಾಧ್ಯವಿರುವಲ್ಲಿ ವಂಶವಾಹಿ ಪರೀಕ್ಷೆ ಮಾಡಿಸಬೇಕು. ಬರಿಗಣ್ಣಿಗೆ ಕಾಣುವ ಕೊರತೆಯ ಮಟ್ಟಿಗೆ ನಿಯಮ ಸರಳ: ಹೆಣ್ಣಿನಲ್ಲಿರುವ ಕೊರತೆ ಗಂಡಿನಲ್ಲಿಯೂ ಇರಬಾರದು.

ಪಂದ್ಯದ ಕುದುರೆಗಳಿಗೆ ಇದೆಲ್ಲ ಬರವಣಿಗೆಯಲ್ಲಿದೆ. ಇಂಗ್ಲೆಂಡಿನಲ್ಲಿ 1791ರಿಂದ ಅವುಗಳ ವಂಶಾವಳಿ ಅಚ್ಚಾಗುತ್ತ ಬಂದಿದೆ. ಇಂದಿನ ಪಂದ್ಯದ ಕುದುರೆಗಳ ಗಂಡು ಸಾಲೆಲ್ಲವೂ ಮೂರೇ ಮೂರು ಗಂಡು ಕುದುರೆಗಳಿಗೆ ಹೋಗಿ ಮುಟ್ಟುತ್ತದೆ. ನಮ್ಮ ಸಂತೆಯ ಕುದುರೆಗೆ ಸಾಮಾನ್ಯವಾಗಿ ಅಂಥ ಪುಸ್ತಕವಿಲ್ಲ. ಜಮೀನು ಕೊಳ್ಳುವಾಗ ಹಿಂದಿನ ಕ್ರಯಪತ್ರವನ್ನು ನೋಡುತ್ತೇವಲ್ಲ, ಅದನ್ನು ಇಲ್ಲಿ ತಮಿಳಿನಲ್ಲಿ ತಾಯ್ ಪತ್ತಿರಂ, ಅಂದರೆ ತಾಯಿಪತ್ರ ಎನ್ನುತ್ತಾರೆ. ಕುದುರೆಯ ವಿಷಯದಲ್ಲಿ ಆ ಹೆಸರು ಅಕ್ಷರಶಃ ನಿಜ. ಓದಲು ಬರುವವನಿಗೆ ತಾಯಿಯೇ ಪತ್ರ.

ಬಿಳಿಯ ಮರಿಯನ್ನು ಬಿಟ್ಟು, ಸಂಜೆಯ ಹೊತ್ತಿಗೆ ಕಂದುಬಣ್ಣದ ಸಾಧಾರಣ ಮರಿಯೊಂದನ್ನು ಕೊಂಡೆವು. ಅದರ ತಾಯಿ ಪಕ್ಕದಲ್ಲೇ ನಿಂತಿತ್ತು. ಮಾಲೀಕನ ಸಣ್ಣ ಮಗ ಅದರ ಹೊಟ್ಟೆಯ ಕೆಳಗೆ ತೂರಿ ಆಚೆ ಹೋದರೂ ಕದಲಲಿಲ್ಲ. ಕಾಲುಗಳು ನೇರವಾಗಿದ್ದವು. ತಂದೆ ಯಾವುದು, ಹಿಂದಿನ ಮರಿಗಳೆಷ್ಟು, ಈಗ ಎಲ್ಲಿವೆ ಎಂದು ಕೇಳಿದ್ದಕ್ಕೆ ಮಾಲೀಕ ಒಂದೊಂದಕ್ಕೂ ಉತ್ತರ ಕೊಟ್ಟ. ಅವನ ಮಾತುಗಳನ್ನೇ ಕಾಗದಕ್ಕೆ ಇಳಿಸಿ, ಮರಿಯ ಗುರುತುಗಳನ್ನು ಸೇರಿಸಿ, ಇಬ್ಬರ ಸಹಿ ಮಾಡಿಸಿದೆ. ಇಂದು ಅದು ವಾದ್ಯದ ಸದ್ದಿಗೆ ಬೆಚ್ಚದೆ ಮೆರವಣಿಗೆಯಲ್ಲಿ ನಡೆಯುತ್ತದೆ. ಅದರಲ್ಲಿ ತಾಯಿಯ ಗುಣವೆಷ್ಟು, ನನ್ನ ಭಾವಮೈದುನನ ಪಳಗಿಕೆಯೆಷ್ಟು ಎಂದು ಬೇರ್ಪಡಿಸಿ ಹೇಳಲಾರೆ.

ಒಂದು ಮಾತನ್ನು ಮಕ್ಕಳಿರುವ ಮನೆಗಳಲ್ಲಿ ಹೇಳಲೇಬೇಕು. ನೂಲು-ಸೀರೆಯ ಗಾದೆಯನ್ನು ನಾವು ಕುದುರೆಗಿಂತ ಹೆಚ್ಚಾಗಿ ಮನುಷ್ಯರ ಮೇಲೆ ಹೊರಿಸುತ್ತೇವೆ. ಕುದುರೆ ತನ್ನ ಪರವಾಗಿ ಸಾಕ್ಷಿ ನುಡಿಯಲಾರದು, ಆದ್ದರಿಂದ ಅದರ ತಾಯಿತಂದೆಗಳನ್ನು ಸಾಕ್ಷಿಗೆ ಕರೆಯುತ್ತೇವೆ. ಮಗು ಮಾತನಾಡಬಲ್ಲದು. ಅದರ ವಿಷಯ ತಿಳಿಯಬೇಕಾದರೆ ಅದನ್ನೇ ಕೇಳಬೇಕು.