ಹಿಂದಿನ ಎರಡು ಗಾಲಿಗಳು

ಈ ಸ್ಮರಣಸಂಚಿಕೆಗೆ ಏನಾದರೂ ಬರೆದು ಕಳುಹಿಸಬೇಕೆಂದು ಸಂಪಾದಕಿಯರಿಂದ ಅಪ್ಪಣೆಯಾದಾಗ ನಾವು ಅಕ್ಕತಂಗಿಯರಿಬ್ಬರೂ ಬಹಳ ಹೊತ್ತು ಆಲೋಚಿಸಿದೆವು. ಕಸೂತಿಯನ್ನು ಕುರಿತೋ ಪ್ರವಾಸವನ್ನು ಕುರಿತೋ ಬರೆಯಬಹುದಾಗಿತ್ತು. ಆದರೆ ನಮ್ಮ ಕೈಗಳಿಗೂ ಮನಸ್ಸಿಗೂ ಈಚೆಗೆ ಹೆಚ್ಚಿನ ಪಾಠ ಕಲಿಸಿದ್ದು ಒಂದು ಹಳೆಯ ಮೋಟಾರು ಬಂಡಿಯ ಹಿಂದಿನ ಅಚ್ಚು. ಆದಕಾರಣ ಅದನ್ನೇ ಬರೆಯುತ್ತೇವೆ. ಹೆಂಗಸರಿಗೆ ಇದೇಕೆಂದು ಕೇಳುವವರು ಕಡೆಯವರೆಗೂ ಓದಲೆಂದು ಬೇಡುತ್ತೇವೆ.

ನಾವಿರುವುದು ಇಂಗ್ಲೆಂಡಿನ ಕವೆಂಟ್ರಿ ಪಟ್ಟಣದಲ್ಲಿ. ಜಾಗ್ವಾರ್ ಬಂಡಿಗಳು ಹುಟ್ಟಿದ ಬ್ರೌನ್ಸ್ ಲೇನ್ ಕಾರ್ಖಾನೆ ಈ ಊರಿನದೇ. 2005ರಲ್ಲಿ ಅಲ್ಲಿ ಬಂಡಿಗಳ ಜೋಡಣೆ ನಿಂತುಹೋಯಿತು. ಆ ಕಾರ್ಖಾನೆಯಲ್ಲಿ 1959ರಿಂದ 1967ರವರೆಗೆ ತಯಾರಾದ ಮಾರ್ಕ್ 2 ಎಂಬ ಬಗೆಯ ಬಂಡಿಯೊಂದನ್ನು ನಮ್ಮಲ್ಲಿ ಹಿರಿಯವಳ ಪತಿಯವರು 1978ರಲ್ಲಿ ಕೊಂಡಿದ್ದರು. ಬಂಡಿ 1962ರದು, ಯಂತ್ರ 3.8 ಲೀಟರಿನದು. ಭಾನುವಾರದ ಸಂಜೆಗಳನ್ನೆಲ್ಲ ಅವರು ಅದರ ಕೆಳಗೆ ಮಲಗಿಯೇ ಕಳೆದರೆಂದರೂ ಸಲ್ಲುವುದು. 2019ರಲ್ಲಿ ಅವರು ತೀರಿಹೋದರು. ಕಿರಿಯವಳು ಉಪಾಧ್ಯಾಯಿನಿಯ ಕೆಲಸದಿಂದ ನಿವೃತ್ತಳಾಗಿ ಅಕ್ಕನ ಮನೆಗೆ ಬಂದಳು. ಬಂಡಿ ಮೂರು ವರ್ಷ ಹೊದಿಕೆಯ ಕೆಳಗೆ ನಿಂತಿತ್ತು.

2022ರ ಬೇಸಗೆಯಲ್ಲಿ ಹಳ್ಳಿಯ ಜಾತ್ರೆಯೊಂದಕ್ಕೆ ಅದನ್ನು ಹೊರಡಿಸಿದೆವು. ಮಳೆ ಬಂದು ಹುಲ್ಲುಗಾವಲು ನೆನೆದಿತ್ತು. ಹಿಂತಿರುಗುವಾಗ ಬಲಗಡೆಯ ಹಿಂಗಾಲಿ ಕೆಸರು ಚಿಮ್ಮಿಸುತ್ತ ಸುಮ್ಮನೆ ಸುತ್ತತೊಡಗಿತು. ಎಡಗಡೆಯದು ಗಟ್ಟಿ ನೆಲದ ಮೇಲಿದ್ದೂ ಅಲುಗಲಿಲ್ಲ. ಕೊನೆಗೆ ರೈತನೊಬ್ಬನ ಟ್ರಾಕ್ಟರು ನಮ್ಮನ್ನು ಎಳೆದು ರಸ್ತೆಗೆ ಹಾಕಿತು. ಅದನ್ನು ಕಂಡ ಒಬ್ಬರು, ಅಚ್ಚು ಕೆಟ್ಟ ಬಂಡಿಯೆಂದು ಹೇಳಿ, ಬಹಳ ಕಡಮೆ ಬೆಲೆಗೆ ಕೇಳಿದರು. ಹಿರಿಯವಳು ಕೊಟ್ಟೇಬಿಡುವುದರಲ್ಲಿದ್ದಳು. "ನನಗಿನ್ನು ಇದರಿಂದೇನು?" ಎಂಬುದು ಆ ಮೂರು ವರ್ಷಗಳಲ್ಲಿ ಅವಳು ಎಲ್ಲ ವಸ್ತುಗಳ ವಿಷಯದಲ್ಲಿಯೂ ಆಡುತ್ತಿದ್ದ ಮಾತು. ಕಿರಿಯವಳು ಒಂದು ವರ್ಷದ ಅವಧಿ ಬೇಡಿಕೊಂಡಳು.

ದೋಷವೇನೆಂಬುದನ್ನು ತಿಳಿಯಲು ಶಾಲೆಯ ಡ್ರಿಲ್ಲನ್ನು ನೆನೆದುಕೊಳ್ಳಿರಿ. ಸಾಲು ತಿರುಗುವಾಗ ಒಳಗಡೆಯ ಹುಡುಗಿ ನಿಂತಲ್ಲೇ ಹೆಜ್ಜೆ ಹಾಕುವಳು. ಹೊರಗಡೆಯವಳು ಉದ್ದುದ್ದ ಹೆಜ್ಜೆಯಿಟ್ಟು ಓಡಬೇಕು. ಬಂಡಿಯ ಗಾಲಿಗಳಿಗೂ ಹೀಗೆಯೇ. ಎತ್ತಿನ ಬಂಡಿಯಲ್ಲಿ ಎರಡು ಗಾಲಿಗಳೂ ಅಚ್ಚಿನ ಮೇಲೆ ತಮ್ಮಷ್ಟಕ್ಕೆ ತಿರುಗುವುದರಿಂದ ತೊಂದರೆಯಿಲ್ಲ. ಯಂತ್ರದ ಬಲವನ್ನು ಎರಡು ಗಾಲಿಗಳಿಗೂ ಹಂಚಿ, ತಿರುವಿನಲ್ಲಿ ಅವು ಬೇರೆಬೇರೆ ವೇಗದಿಂದ ಸುತ್ತುವಂತೆ ಮಾಡುವ ಹಲ್ಲುಚಕ್ರಗಳ ಗುಂಪಿಗೆ ಡಿಫರೆನ್ಷಿಯಲ್ ಎಂದು ಹೆಸರು. ಇದರ ಗುಣದಲ್ಲಿಯೇ ದೋಷವೂ ಅಡಗಿದೆ. ಒಂದು ಗಾಲಿ ಜಾರುವ ನೆಲದ ಮೇಲಿದ್ದರೆ ಅದು ವ್ಯರ್ಥವಾಗಿ ಸುತ್ತುವುದು. ಗಟ್ಟಿ ನೆಲದಲ್ಲಿರುವ ಗಾಲಿಗೂ ಆ ಜಾರುವ ಗಾಲಿ ತಡೆದುಕೊಳ್ಳುವಷ್ಟೇ ಬಲ ದೊರಕುವುದು.

ಈ ಜಾರಿಕೆಗೆ ಮಿತಿ ಹಾಕುವ ಉಪಾಯವೇ ನಮ್ಮ ಬಂಡಿಯಲ್ಲಿದ್ದ ಪವರ್-ಲಾಕ್. ಅದರೊಳಗಿನ ಎರಡು ಅಡ್ಡದಂಡಗಳ ತುದಿಗಳು ಇಳಿಜಾರಾಗಿ ಕೆತ್ತಿದ ತಾಣಗಳಲ್ಲಿ ಕುಳಿತಿರುವುವು. ಯಂತ್ರದ ಬಲ ಬಿದ್ದೊಡನೆ ಅವು ಇಳಿಜಾರನ್ನೇರಿ ಹೊರಕ್ಕೆ ಒತ್ತುವುವು. ಆಗ ಎರಡೂ ಪಕ್ಕದ ಉಕ್ಕಿನ ಬಿಲ್ಲೆಗಳ ಕಟ್ಟು ಬಿಗಿದು, ಎರಡು ಗಾಲಿಗಳನ್ನೂ ಒಂದಕ್ಕೊಂದು ಹಿಡಿಯುವುದು. ಬಲ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ನಮ್ಮ ಬಂಡಿಯಲ್ಲಿ ಆ ಬಿಲ್ಲೆಗಳು ಸವೆದು ನುಣ್ಣಗಾಗಿದ್ದುವು. ಇದನ್ನು ನಿಶ್ಚಯಿಸಿಕೊಳ್ಳಲು ನಾವು ಬಲಗಡೆಯ ಗಾಲಿಯೊಂದನ್ನೇ ಜಾಕಿನಿಂದೆತ್ತಿ, ಗೇರು ಹಾಕಿ, ಯಂತ್ರವನ್ನು ನಡೆಯಿಸಿ ನೋಡಿದೆವು. ಗಾಲಿ ಹಾಯಾಗಿ ಸುತ್ತಿತು; ಬಂಡಿ ಕದಲಲಿಲ್ಲ. ಈ ಮಾತು ನೆನಪಿನಲ್ಲಿರಲಿ.

ಕೆಲಸ ಮೊದಲಾಯಿತು. ಗಾಲಿಯ ಕುಂಭಗಳು ಅಚ್ಚಿನ ಕಡ್ಡಿಗಳ ಮೊನಚಾದ ತುದಿಗಳಿಗೆ ಅಂಟಿಕೊಂಡಿದ್ದುವು. ಅವುಗಳನ್ನು ಎಳೆಯುವ ವಿಶೇಷ ಸಲಕರಣೆಯನ್ನು ತಂದು ತಿರುಪು ಬಿಗಿದರೂ ಎರಡು ದಿನ ಜಗ್ಗಲಿಲ್ಲ. ಮೂರನೆಯ ರಾತ್ರಿ, ನಾವು ಊಟಕ್ಕೆ ಕುಳಿತಿದ್ದಾಗ, ಕೊಟ್ಟಿಗೆಯಿಂದ ಸಿಡಿಲಿನಂಥ ಶಬ್ದ ಬಂತು. ಕುಂಭ ತಾನಾಗಿಯೇ ಬಿಟ್ಟಿತ್ತು! ಬಳಿಕ ಅಚ್ಚಿನ ಹಿಂದಿನ ಮುಚ್ಚಳ ತೆಗೆದು, ಒಳಗಿನ ಭಾರವಾದ ಗೂಡನ್ನು ಹೊರತಂದೆವು. ಅದು ಎರಡು ಹೋಳಿನದು. ಬಿಚ್ಚುವ ಮುಂಚೆ ಎರಡಕ್ಕೂ ಸೇರುವಂತೆ ಒಂದು ಗೆರೆ ಕೊರೆದುಕೊಂಡೆವು. ಅಲ್ಲಿ ಹಳೆಯ ಗೆರೆಯೊಂದು ಆಗಲೇ ಇತ್ತು. ಅವರ ಕೈಯ ಗೆರೆ. ಹಿರಿಯವಳು ಬಹಳ ಹೊತ್ತು ಅದರ ಮೇಲೆ ಬೆರಳಾಡಿಸಿ, ಏನೂ ಹೇಳದೆ ಕೆಲಸಕ್ಕೆ ಕೈಹಾಕಿದಳು.

ಹೊಸ ಬಿಲ್ಲೆಗಳನ್ನು ಎಣ್ಣೆಯಲ್ಲಿ ನೆನೆಸಿ, ಗೂಡಿಗೆ ಹಲ್ಲು ಕಚ್ಚುವುದೊಂದು, ಒಳಬಳೆಗೆ ಕಚ್ಚುವುದೊಂದು, ಹೀಗೆ ಸರದಿಯಾಗಿ ಜೋಡಿಸಬೇಕು. ತಟ್ಟೆಯಂತೆ ಬಾಗಿದವುಗಳ ಉಬ್ಬಿದ ಮುಖ ಗೂಡಿನ ಗೋಡೆಯ ಕಡೆಗಿರಬೇಕು. ಇದೆಲ್ಲ ಸರಿಯಾಗಿಯೇ ಆಯಿತು. ಆದರೆ ಅಚ್ಚಿನ ಕಡ್ಡಿಗಳನ್ನು ಒಳಗಿಟ್ಟು ಸಾಲು ಹೊಂದಿಸದೆಯೇ ನಾವು ಎಂಟು ಬೋಲ್ಟುಗಳನ್ನೂ ಬಿಗಿದುಬಿಟ್ಟೆವು. ಕಡ್ಡಿ ಒಳಹೋಗಲಿಲ್ಲ. ತಪ್ಪು ಯಾರದೆಂದು ಒಂದು ಸಂಜೆಯೆಲ್ಲ ಜಗಳವಾಡಿ, ಮರುದಿನ ಪುನಃ ಬಿಚ್ಚಿ ಕಟ್ಟಿದೆವು. ಅನಂತರ ಪರೀಕ್ಷೆ: ಒಂದು ಕಡ್ಡಿಯನ್ನು ಬಿಗಿಹಿಡಿದಾಗ ಇನ್ನೊಂದು, ನಡುವಿನಿಂದ 6 ಅಂಗುಲ ದೂರದಲ್ಲಿ ಅಳೆದರೆ, ಮುಕ್ಕಾಲು ಅಂಗುಲಕ್ಕಿಂತ ಹೆಚ್ಚು ಆಡಕೂಡದು. ನಮ್ಮದು ಅರ್ಧ ಅಂಗುಲ ಆಡಿತು. ದೊಡ್ಡ ಹಲ್ಲುಚಕ್ರಕ್ಕೂ ಚಿಕ್ಕದಕ್ಕೂ ನಡುವಣ ಸಡಿಲು ಎಷ್ಟಿರಬೇಕೆಂಬುದನ್ನು ಆ ಚಕ್ರದ ಮೇಲೆಯೇ ಕೊರೆದಿರುವರು. ಅದು ಅಂಗುಲದ ಸಾವಿರ ಪಾಲುಗಳ ಲೆಕ್ಕ. ಕಾಗದದಷ್ಟು ತೆಳುವಾದ ಉಕ್ಕಿನ ಬಳೆಗಳನ್ನು ಪಕ್ಕದ ಬೇರಿಂಗುಗಳ ಹಿಂದೆ ಅದಲುಬದಲು ಮಾಡಿ, ಹಲ್ಲುಗಳಿಗೆ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುವವರೆಗೆ ಬಿಡದೆ ನೋಡಿದೆವು. ಗಣಿತದ ತರಗತಿಯಲ್ಲಿ ದಶಾಂಶದ ಚುಕ್ಕೆಗಾಗಿ ತಿಂದ ಬೈಗಳು ಅಂದು ಸಾರ್ಥಕವಾದುವು.

ಇನ್ನು ನಮ್ಮ ಅವಿವೇಕವನ್ನು ಹೇಳಬೇಕು. ಎಲ್ಲವನ್ನೂ ಕೂಡಿಸಿ, ಜಾರಿಕೆ ಮಿತಿಯ ಅಚ್ಚಿಗೆ ತಕ್ಕ ಎಣ್ಣೆ ತುಂಬಿ, ಸದ್ದು ಕೇಳೋಣವೆಂದು ಹಿಂದಿನಂತೆಯೇ ಬಲಗಾಲಿಯೊಂದನ್ನೇ ಎತ್ತಿದೆವು. ಹಿರಿಯವಳು ಒಳಗೆ ಕುಳಿತು ಗೇರು ಹಾಕಿ ಕ್ಲಚ್ಚು ಬಿಟ್ಟಳು. ಕಿರಿಯವಳು ಗಾಲಿಯ ಪಕ್ಕದಲ್ಲಿ ಕಿವಿಗೊಟ್ಟು ಬಗ್ಗಿದ್ದಳು. ನೆಲದ ಮೇಲಿದ್ದ ಎಡಗಾಲಿ ಆಗ ಬಲವನ್ನು ಹಿಡಿದು ನೂಕಿತು. ಬಂಡಿ ಜಾಕಿನಿಂದ ಕೆಳಗುರುಳಿ, ಮುಂದಿನ ಇಟ್ಟಿಗೆಯನ್ನು ದಾಟಿ, ಗೋಡೆಯ ಕಪಾಟಿಗೆ ಬಡಿದು ನಿಂತಿತು. ಕಿರಿಯವಳ ಮೊಣಕೈ ತರಚಿತು. ಒಂದು ಗೇಣು ಆಚೆ ಬಗ್ಗಿದ್ದರೆ ಈ ಲೇಖನವನ್ನು ಒಬ್ಬಳೇ ಬರೆಯಬೇಕಾಗುತ್ತಿತ್ತು. ಇಂಥ ಅಚ್ಚಿನ ಬಂಡಿಯಲ್ಲಿ ಒಂದು ಗಾಲಿಯನ್ನು ಮಾತ್ರ ಎತ್ತಿ ಗೇರಿನಲ್ಲಿ ಯಂತ್ರ ನಡೆಯಿಸಬಾರದೆಂದು ಕೈಪಿಡಿಯಲ್ಲಿ ಅಚ್ಚಾಗಿಯೇ ಇತ್ತು. ನಾವು ಬಿಲ್ಲೆಗಳ ಪುಟವನ್ನು ಹತ್ತು ಸಲ ಓದಿದೆವು. ಆ ಒಂದು ಸಾಲನ್ನು ಬಿಟ್ಟಿದ್ದೆವು. ಅಚ್ಚು ಕೆಟ್ಟಿದ್ದಾಗ ಅಪಾಯವಿಲ್ಲದ ಕೆಲಸ, ಅದು ನೆಟ್ಟಗಾದೊಡನೆ ಅಪಾಯವಾಯಿತು. ಕೆಟ್ಟದ್ದರೊಡನೆ ಬಹುಕಾಲ ಬಾಳಿದವರು, ಅದು ಸರಿಹೋದ ದಿನ ತಮ್ಮ ಅಭ್ಯಾಸವನ್ನೂ ತಿದ್ದಿಕೊಳ್ಳಬೇಕು.

ನಡುಗುತ್ತ ನೆಲದ ಮೇಲೆ ಕುಳಿತಿದ್ದಾಗ ಹಿರಿಯವಳು, "ಅವರಿದ್ದಿದ್ದರೆ ಮೊದಲು ಬೈದು, ಆಮೇಲೆ ಕಾಫಿ ಕೇಳುತ್ತಿದ್ದರು" ಎಂದು ಹೇಳಿ ನಕ್ಕಳು. ಮೂರು ವರ್ಷಗಳಲ್ಲಿ ಅವಳು ಅವರ ಹೆಸರೆತ್ತಿ ನಕ್ಕದ್ದು ಅದೇ ಮೊದಲು. ಅಂದಿನಿಂದ "ನನಗಿನ್ನು ಇದರಿಂದೇನು?" ಎಂಬ ಮಾತು ನಮ್ಮ ಮನೆಯಲ್ಲಿ ಅಪರೂಪವಾಯಿತು.

2023ರಲ್ಲಿ ಅದೇ ಜಾತ್ರೆಗೆ ಹೋದೆವು. ಆ ವರುಷವೂ ಮಳೆಯಾಯಿತು. ಹಿಂತಿರುಗುವಾಗ ಹಿರಿಯವಳೇ ನಡೆಯಿಸಿದಳು. ಬಲಗಾಲಿ ಒಮ್ಮೆ ಜಾರಿತು, ಎಡಗಾಲಿ ಹಿಡಿದುಕೊಂಡಿತು, ಬಂಡಿ ಮೆಲ್ಲನೆ ಹುಲ್ಲನ್ನೇರಿ ರಸ್ತೆಗೆ ಬಂತು. ಟ್ರಾಕ್ಟರಿನ ರೈತ ದೂರದಿಂದ ಕೈಬೀಸಿದನು, ನಾವೂ ಬೀಸಿದೆವು.